ಎಡಪಕ್ಕದವಳ ತೋಳು

ಮೈಥಿಲಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಗೊತ್ತಿದ್ದ ಕನ್ನಡದ ಮನೆಗಳು ಹನ್ನೊಂದು. ಯಾವ ಮನೆಗೆ ಹೋದರೂ ಚಪ್ಪಲಿ ಬಿಡುವಷ್ಟರಲ್ಲಿ ಬರುವ ಪ್ರಶ್ನೆ ಒಂದೇ: "ಏನ್ರೀ, ಏನಾದ್ರೂ ವಿಶೇಷ ಇದ್ಯಾ?" ಮದುವೆಯಾಗಿ ಏಳು ವರ್ಷವಾದವಳನ್ನು ಹಾಗೆ ಕೇಳಬಾರದು ಎಂಬ ಬುದ್ಧಿ ಹನ್ನೊಂದು ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ವಿಶೇಷ ಎರಡು ಸಲ ಆಗಿತ್ತು. ಎರಡು ಸಲವೂ ಮೂರನೇ ತಿಂಗಳಿಗೇ ಮುಗಿದುಹೋಗಿತ್ತು. ಬಾಯಿಬಿಟ್ಟು ಹೇಳಿದರೆ ಅಯ್ಯೋ ಪಾಪ ಅನ್ನುತ್ತಾರೆ, ಹೇಳದಿದ್ದರೆ ಮುಂದಿನ ಹಬ್ಬಕ್ಕೆ ಮತ್ತೆ ಅದೇ ಪ್ರಶ್ನೆ. ಅವಳು ನಕ್ಕು, "ಇನ್ನೂ ಇಲ್ಲಾರೀ" ಎಂದು ಒಳಗೆ ಹೋಗಿ ಬಡಿಸುವ ಕೆಲಸಕ್ಕೆ ನಿಂತುಬಿಡುತ್ತಿದ್ದಳು.

ಗಂಡ ದ್ವಾರಕಾನಾಥ ಕೆಟ್ಟವನಲ್ಲ. ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರು; ಬೆಳಿಗ್ಗೆ ಏಳಕ್ಕೆ ಫ್ರೀವೇ ಹತ್ತಿದರೆ ಸಂಜೆ ಏಳಕ್ಕೆ ಇಳಿಯುವವನು. ಮಾತು ಬಾರದವನೂ ಅಲ್ಲ. ಈ ಒಂದು ವಿಷಯ ಬಂದರೆ ಮಾತ್ರ ಅವನ ಬಾಯಿಗೆ ಬೀಗ ಬೀಳುತ್ತಿತ್ತು. "ಮುಂದಿನ ಸಲ ಸರಿಹೋಗತ್ತೆ ಬಿಡು" ಎಂದು ಟೀವಿ ಹಾಕುತ್ತಿದ್ದ. ಮುಂದಿನ ಸಲವಂತೆ! ಬಸ್ಸು ತಪ್ಪಿಸಿಕೊಂಡವರಿಗೆ ಹೇಳುವ ಹಾಗೆ.

ಅಪಾರ್ಟ್‌ಮೆಂಟಿನ ಗೋಡೆ ನೋಡಿ ನೋಡಿ ಸಾಕಾಗಿ ಅವಳು ಕ್ಲಿನಿಕ್ ಸಹಾಯಕಿಯ ಒಂದು ವರ್ಷದ ತರಬೇತಿ ಮುಗಿಸಿದಳು. ಸಾವಿರದೊಂಬೈನೂರ ಎಂಬತ್ತೈದರಲ್ಲಿ ಓಕ್ಲೆಂಡಿನ ಒಂದು ಕ್ಲಿನಿಕ್ಕಿಗೆ ಸೇರಿದಳು. ರಕ್ತ ತೆಗೆಯುವುದು, ಬೀಪಿ ನೋಡುವುದು, ಸೀಸೆಗೆ ಚೀಟಿ ಅಂಟಿಸುವುದು, ಇಷ್ಟೇ ಕೆಲಸ. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳಿಗೆ ಇದೇನೂ ದೊಡ್ಡದಲ್ಲ. ಆದರೆ ಹನ್ನೊಂದು ಮನೆಗಳಲ್ಲಿ ಹುಬ್ಬು ಮೇಲೇರಿತು. "ಓಕ್ಲೆಂಡಾ? ಅಲ್ಲಿ ಬರೀ ಅವರೇ ಅಲ್ವೇನ್ರೀ?" 'ಅವರು' ಎಂದರೆ ಯಾರು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ, ಬಿಡಿಸಿ ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ.

ಆ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ಇಪ್ಪತ್ತಮೂರು ಕಬ್ಬಿಣದ ಕುರ್ಚಿಗಳು ದುಂಡಗೆ ಕೂರುತ್ತಿದ್ದವು. ಹಾಕಿಸುತ್ತಿದ್ದವಳು ಅರ್ಲೀನ್ ಬಟೀಸ್ಟ್ ಎಂಬ ಕರಿಯ ಹೆಂಗಸು. ಎಲ್ಲರ ಬಾಯಲ್ಲೂ ಮಿಸ್ ಅರ್ಲೀನ್. ವಯಸ್ಸು ಅರವತ್ತರ ಹತ್ತಿರ, ಆಳೆತ್ತರದ ಮೈ, ಎದುರಿಗಿದ್ದವರು ತಾವಾಗಿಯೇ ನೆಟ್ಟಗೆ ಕೂರಬೇಕು ಅಂಥ ದನಿ. ಲೂಸಿಯಾನಾದಲ್ಲಿ ಹುಟ್ಟಿದವಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಪ್ಪ ಹಡಗು ಕಟ್ಟುವ ಕೆಲಸಕ್ಕೆಂದು ಓಕ್ಲೆಂಡಿನ ಹತ್ತಿರದ ರಿಚ್ಮಂಡಿಗೆ ಬಂದಾಗ ಹದಿನಾರರ ಹುಡುಗಿ. ಆಮೇಲೆ ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ರೋಗಿಗಳ ಹಾಸಿಗೆ ಬದಲಿಸಿದಳು. ಅವಳ ತಂಗಿ ನಲವತ್ತಮೂರು ವರ್ಷಕ್ಕೇ, ಬೀಪಿ ಏರಿ, ಡಾಕ್ಟರು ಕರೆಯಲಿ ಎಂದು ಬೆಂಚಿನ ಮೇಲೆ ನಾಲ್ಕು ಗಂಟೆ ಕಾದು, ಕೂತಲ್ಲೇ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಮರುವಾರವೇ ಅರ್ಲೀನ್ ಆರು ಕುರ್ಚಿ ಹಾಕಿ ಬೀದಿಯ ಹೆಂಗಸರನ್ನು ಕರೆದು ಕೂರಿಸಿದಳು.

"ನಿನ್ನ ಮೈಯ ನಂಬರು ನಿನಗೆ ಗೊತ್ತಿರಬೇಕು. ಇನ್ನೊಬ್ಬರು ಹೇಳಲಿ ಅಂತ ಕಾದು ಕೂತ್ರೆ ನನ್ನ ತಂಗಿ ಥರ ಆಗತ್ತೆ" ಎನ್ನುವುದು ಅವಳ ಮಾತು. ಅವಳು ಆಡಿದ್ದು ಇಂಗ್ಲಿಷು, ಅದೂ ಲೂಸಿಯಾನಾದ ಎಳೆತವಿದ್ದ ಇಂಗ್ಲಿಷು. ಇಲ್ಲಿ ನಮ್ಮ ಮಾತಿಗೆ ತಂದು ಹೇಳುತ್ತಿರುವುದು. ಅಲ್ಲಿ ನರ್ಸು ಬಂದು ಬೀಪಿ ನೋಡುವ ಹಾಗಿರಲಿಲ್ಲ. ಪ್ರತಿಯೊಬ್ಬಳೂ ತನ್ನ ಎಡಪಕ್ಕದವಳ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಕಿವಿಗೆ ಕೊಳವೆ ಇಟ್ಟು ತಾನೇ ಕೇಳಿಸಿಕೊಳ್ಳಬೇಕು, ನಂಬರನ್ನು ಗಟ್ಟಿಯಾಗಿ ಹೇಳಬೇಕು. ಹಾಗೆ ಕಲಿತ ಹೆಂಗಸರು ಬರೀ ಬೀಪಿ ಕಲಿತು ಸುಮ್ಮನಾಗಲಿಲ್ಲ. ಐವತ್ತೆರಡಕ್ಕೆ ಅಕ್ಷರ ಕಲಿತವಳೊಬ್ಬಳು ಅಲ್ಲಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳಿದ್ದಳು. ಕ್ಲಿನಿಕ್ಕಿನ ಸಂಜೆಯ ಸರದಿ ನಿಲ್ಲಿಸುತ್ತೇವೆ ಎಂದು ಕೌಂಟಿಯವರು, ಅಂದರೆ ಜಿಲ್ಲೆಯ ಆಡಳಿತದವರು, ಹೇಳಿದಾಗ ಇಪ್ಪತ್ತು ಜನ ಹೋಗಿ ಅವರ ಮೀಟಿಂಗಿನಲ್ಲಿ ಕೂತರು, ಆ ಮಾತು ಹಿಂತೆಗೆದುಕೊಂಡ ಮೇಲೇ ಎದ್ದರು.

ಮೊದಲ ದಿನ ಮೈಥಿಲಿಯನ್ನು ಕೆಳಗೆ ಕಳಿಸಿದ್ದು ಹೊಸಬರಿಗೆ ಪಟ್ಟಿ ಸುತ್ತುವುದನ್ನು ತೋರಿಸಿಕೊಡಲಿ ಎಂದು. ತೋರಿಸಿಕೊಟ್ಟು ಮೇಜಿನ ಪಕ್ಕ ಕೈಕಟ್ಟಿ ನಿಂತಳು.

"ಕೂತ್ಕೋ" ಎಂದಳು ಅರ್ಲೀನ್.

"ಇಲ್ಲ, ನಾನು ಸ್ಟಾಫು."

"ಸ್ಟಾಫಿನ ಮೈಯಲ್ಲಿ ರಕ್ತ ಓಡಲ್ವಾ? ನಮ್ಮ ತೋಳು ಮುಟ್ಟೋರು ನಮ್ಮ ಜೊತೆ ಕೂರಬೇಕು."

ಇಪ್ಪತ್ತೆರಡು ಹೆಂಗಸರು ನಕ್ಕರು. ಮೈಥಿಲಿ ಕೂತಳು. ಬಲಕ್ಕೆ ಕೂತಿದ್ದ ವರ್ಡೆಲ್, ಊರಿನ ಬಸ್ಸು ಓಡಿಸುವವಳು, ಸ್ಟಿಯರಿಂಗ್ ಹಿಡಿದು ಗಟ್ಟಿಯಾದ ಕೈಯಲ್ಲಿ ಇವಳ ತೋಳಿಗೆ ಪಟ್ಟಿ ಸುತ್ತಿ, ಕಣ್ಣು ಮುಚ್ಚಿ ಕೇಳಿಸಿಕೊಂಡಳು. "ವಾರ ಹೇಗಿತ್ತು?" ಎಂದು ಅರ್ಲೀನ್ ಕೇಳಿದಳು. "ಫೈನ್" ಎಂದಳು ಮೈಥಿಲಿ. ಮತ್ತೆ ನಗು. ಅಲ್ಲಿ 'ಫೈನ್' ಅನ್ನುವ ಹಾಗಿಲ್ಲವಂತೆ. ಇದ್ದದ್ದನ್ನು ಹೇಳಬೇಕು, ಇಲ್ಲವೇ ಸುಮ್ಮನಿರಬೇಕು. ಇನ್ನೊಂದು ಕಟ್ಟು: ಒಬ್ಬಳು ಹೇಳಿ ಮುಗಿಸಿ "ಇದು ನನ್ನ ವಾರ" ಎಂದ ಮೇಲೂ ಯಾರೂ ಏನೂ ಅನ್ನಬಾರದು. ಅಯ್ಯೋ ಪಾಪ ಇಲ್ಲ, ಬುದ್ಧಿಮಾತಿಲ್ಲ, ಸಾರಿ ಇಲ್ಲ. ಕೇಳಿಸಿಕೊಳ್ಳಬೇಕು, ಅಷ್ಟೇ.

ಮೂರು ಗುರುವಾರ ಮೈಥಿಲಿ ಸುಮ್ಮನಿದ್ದಳು. ನಾಲ್ಕನೆಯ ವಾರ ಎರಡೂ ಸಲದ್ದನ್ನು ಹೇಳಿಬಿಟ್ಟಳು. ಹೇಳಿದ ಮೇಲೆ ಎಂದಿನ ಅಭ್ಯಾಸಕ್ಕೆ, ಯಾರಾದರೂ ಮುಂದಿನ ಸಲ ಅನ್ನುತ್ತಾರೆ ಎಂದು ಕಾದಳು. ಯಾರೂ ಅನ್ನಲಿಲ್ಲ. ಇಪ್ಪತ್ತೆರಡು ಜನ ಅವಳ ಮುಖ ನೋಡುತ್ತ ಕೂತಿದ್ದರು, ಗೋಡೆಯ ಗಡಿಯಾರ ಓಡುತ್ತಿತ್ತು. ಸಂಜೆ ರೈಲಿನಲ್ಲಿ ಫ್ರೀಮಾಂಟಿನವರೆಗೂ ಅತ್ತಳು. ಏಳು ವರ್ಷದಲ್ಲಿ ಅಷ್ಟು ಹಗುರಾಗಿ ಅವಳು ಮನೆಗೆ ಬಂದಿರಲಿಲ್ಲ. ಬಂದು ದ್ವಾರಕಾನಾಥನಿಗೆ ಒಂದು ಮಾತೂ ಹೇಳಲಿಲ್ಲ. ವಾರದಲ್ಲಿ ಆರು ದಿನ ಅವಳು ಮಿಸೆಸ್ ದ್ವಾರಕಾನಾಥ್, ಗುರುವಾರ ಒಂದೂವರೆ ಗಂಟೆ ಮಾತ್ರ ಮೈಥಿಲಿ. ಹಾಗೇ ಏಳು ತಿಂಗಳು ನಡೆಯಿತು.

ಎಂಬತ್ತಾರರ ವಸಂತದಲ್ಲಿ ಮತ್ತೆ ವಿಶೇಷವಾಯಿತು. ಈ ಸಲ ದ್ವಾರಕಾನಾಥ ಕಾಯಲಿಲ್ಲ. ಟಿಕೆಟ್ಟು ಕಳಿಸಿ ಮೈಸೂರಿನಿಂದ ತಾಯಿಯನ್ನೇ ಕರೆಸಿಕೊಂಡ. ನಂಜಮ್ಮನವರಿಗೆ ಅರವತ್ತಾರು. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಮಡಿಯೆಂದರೆ ಮಡಿ. ನಸುಕಿನಲ್ಲಿ ತಣ್ಣೀರು ಸ್ನಾನ, ಬಾತ್‌ರೂಮಿನ ಕಂಬಿಯ ಮೇಲೆ ಯಾರೂ ಮುಟ್ಟದ ಸೀರೆ, ತಮ್ಮ ಅಡುಗೆ ತಾವೇ. ಊಟವಾಗುವವರೆಗೆ ಸೊಸೆಯೂ ದೂರ. ಬರುವಾಗ ಬಾಣಂತಿಗೆ ಬೇಕಾದ ಅಂಟು, ಕೊಬ್ಬರಿ, ಬಾದಾಮಿ ಕಟ್ಟಿಕೊಂಡು ಬಂದಿದ್ದರು. ಇಷ್ಟು ಬೇಗ ಯಾಕೆ ಎಂದರೆ, "ಇರ್ಲಿ, ಕೆಡೋ ವಸ್ತು ಅಲ್ಲ" ಎಂದರು. ಅವರು ಬಂದ ಹನ್ನೆರಡನೆಯ ದಿನ ಮೈಥಿಲಿ ಆಸ್ಪತ್ರೆ ಸೇರಿದಳು. ನಾಲ್ಕು ತಿಂಗಳಾಗಿತ್ತು. ಹುಡುಗಿಯಂತೆ.

ನಾಲ್ಕನೇ ತಿಂಗಳಿಗೆ ಹೋದದ್ದಕ್ಕೆ ನಾಲ್ಕು ದಿನ ಮೈಲಿಗೆ. ಐದನೆಯ ದಿನ ತಲೆಗೆ ನೀರು ಹಾಕಿಕೊಂಡಳು. ಅಲ್ಲಿಗೆ ಮುಗಿಯಿತು, ಶಾಸ್ತ್ರದಲ್ಲಿ ಅದಕ್ಕಿಂತ ಹೆಚ್ಚೇನೂ ಇಲ್ಲ. ದ್ವಾರಕಾನಾಥ ಎರಡು ದಿನ ರಜ ಹಾಕಿ ಮೂರನೆಯ ದಿನ ಆಫೀಸಿಗೆ ಹೋದ. ನಂಜಮ್ಮ ಹೊತ್ತು ಹೊತ್ತಿಗೆ ಸಾರು, ಅನ್ನ, ತುಪ್ಪ ಬಡಿಸಿದರು; ಬಡಿಸಿ ಕಿಟಕಿಯ ಹತ್ತಿರ ಹೋಗಿ ಕಾರುಗಳನ್ನು ನೋಡುತ್ತ ಕೂತರು. ಇಡೀ ದಿನ ಇಬ್ಬರು ಹೆಂಗಸರು ಒಂದೇ ಸೂರಿನಡಿ, ಒಂದು ಮಾತಿಲ್ಲ. ಅತ್ತೆಗೆ ಸಿಟ್ಟಿರಬೇಕು, ಇಷ್ಟು ದೂರ ಬಂದದ್ದು ದಂಡವಾಯಿತು ಎಂದಿರಬೇಕು ಎಂದುಕೊಂಡಳು ಮೈಥಿಲಿ. ಒಂದು ಗುರುವಾರ ಹೋಯಿತು, ಎರಡನೆಯದೂ ಹೋಯಿತು. ಆ ಎರಡೂ ದಿನ ಮಧ್ಯಾಹ್ನ ಎರಡು ಗಂಟೆಗೆ ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಿದ್ದಳು. ಅಷ್ಟು ಒಂಟಿಯಾಗಿ ಅವಳು ಯಾವತ್ತೂ ಕೂತಿರಲಿಲ್ಲ.

ಅರ್ಲೀನಳ ಸುತ್ತಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರ ಕುರ್ಚಿ ಎರಡು ವಾರ ಖಾಲಿ ಬೀಳುತ್ತದೋ ಅವರ ಮನೆ ಬಾಗಿಲಿಗೆ ಮೂರು ಜನ ಅಡುಗೆ ಮಾಡಿಕೊಂಡು ಹೋಗುವುದು. ಹೋಗಿ ಪಾತ್ರೆ ತೊಳೆದುಕೊಡುತ್ತಾರೆ, ನೆಲ ಒರೆಸುತ್ತಾರೆ, ಸುಮ್ಮನೆ ಕೂರುತ್ತಾರೆ. ಅದಕ್ಕೇ ಸೇರಿದ ದಿನವೇ ಎಲ್ಲರೂ ಅವಳ ಪುಸ್ತಕದಲ್ಲಿ ಅಡ್ರೆಸ್ಸು ಬರೆಯಬೇಕು. ಮೈಥಿಲಿಯೂ ಬರೆದಿದ್ದಳು. ಓಕ್ಲೆಂಡಿನಿಂದ ಫ್ರೀಮಾಂಟಿಗೆ ಯಾರು ಬರುತ್ತಾರೆ ಎಂಬ ಧೈರ್ಯದ ಮೇಲೆ ಬರೆದಿದ್ದಳು.

ಶನಿವಾರ ಮಧ್ಯಾಹ್ನ ಬಂದೇಬಿಟ್ಟರು.

ಆ ಹೊತ್ತಿಗೆ ನಡುಮನೆಯಲ್ಲಿ ಇಂದು, ಪ್ರಭಾ ಎಂಬ ಇಬ್ಬರು ಹೆಂಗಸರು ಕೂತಿದ್ದರು; ನಂಜಮ್ಮ ಇನ್ನೂ ಮಡಿಯಲ್ಲಿ, ಅಡುಗೆಮನೆಯಲ್ಲಿದ್ದರು. ಹನ್ನೊಂದು ಮನೆಗಳ ಪರವಾಗಿ ಮಾತಾಡಿಸಿಕೊಂಡು ಹೋಗಲು ಬಂದವರು. "ಮನಸ್ಸಿಗೆ ಹಚ್ಕೋಬೇಡಿ, ವಯಸ್ಸಿದೆ" ಎಂದು ಒಂದೈದು ನಿಮಿಷ ಹೇಳಿ, ಮಿಕ್ಕ ಒಂದು ಗಂಟೆ ಮನೆ ಕೊಳ್ಳುವ ಮಾತು. ಇಂದು ಕಾಫಿ ಲೋಟ ಇಳಿಸಿ, "ಅಲ್ಲಾ ಮೈಥಿಲಿ, ಆ ಓಕ್ಲೆಂಡು ಕೆಲಸ ಬಿಟ್ಬಿಡಿ. ಅವರ ಮಧ್ಯ ದಿನಾ ಓಡಾಡಿ, ಆ ಟೆನ್ಷನ್‌ಗೇ ಹಿಂಗಾಗಿರತ್ತೆ" ಎಂದಳು. ಅದೇ ಕ್ಷಣಕ್ಕೆ ಬಾಗಿಲ ಗಂಟೆ ಹೊಡೆಯಿತು.

ಮೈಥಿಲಿ ಬಾಗಿಲು ತೆಗೆದರೆ ಎದುರಿಗೆ ಅರ್ಲೀನ್. ನೇರಳೆ ಬಣ್ಣದ ಫ್ರಾಕು, ತಲೆಗೆ ಹ್ಯಾಟು, ಚರ್ಚಿಗೆ ಹೊರಟವಳ ಹಾಗೆ. ಹಿಂದೆ ವರ್ಡೆಲ್, ಕೈಯಲ್ಲಿ ಮುಚ್ಚಿದ ದೊಡ್ಡ ಗಾಜಿನ ಪಾತ್ರೆ. ಅವಳ ಹಿಂದೆ ಓಪಲ್ ಎಂಬ ಮುದುಕಿ, ಪ್ಲಾಸ್ಟಿಕ್ ಬಕೆಟ್ಟು, ನೆಲ ಒರೆಸುವ ಬಟ್ಟೆ ಹಿಡಿದು.

"ಎರಡು ಗುರುವಾರ ನಿನ್ನ ಕುರ್ಚಿ ಖಾಲಿ ಇತ್ತಲ್ಲ ಮಗಳೇ" ಎಂದಳು ಅರ್ಲೀನ್.

ಮೈಥಿಲಿಗೆ ಜೀವ ಬಾಯಿಗೆ ಬಂತು. ಸಂತೋಷಕ್ಕೆ ಬಂತು, ಅದು ನಿಜ. ಆ ಹೆಗಲಿನ ಮೇಲೆ ತಲೆಯಿಟ್ಟುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ಇಂದುವಿನ ದನಿ: "ಯಾರು ಮೈಥಿಲಿ?" ಸೋಫಾದ ಮೇಲೆ ಎರಡು ಕುತ್ತಿಗೆಗಳು ಇತ್ತ ತಿರುಗಿದ್ದು ಅವಳಿಗೆ ನೋಡದೆಯೇ ಗೊತ್ತಾಯಿತು.

"ಯಾರೂ ಅಲ್ಲ, ಇಂದು. ಕ್ಲಿನಿಕ್ಕಿನ ಪೇಷೆಂಟ್ಸು. ಏನೋ ಕೊಟ್ಟುಹೋಗೋಕೆ ಬಂದಿದಾರೆ."

ಕನ್ನಡದಲ್ಲಿ ಹೇಳಿದ್ದೇನೆ, ಇವರಿಗೇನು ತಿಳಿಯುತ್ತದೆ ಎಂದುಕೊಂಡಳು ಪುಣ್ಯಾತ್ಗಿತ್ತಿ. ನಮ್ಮ ಕನ್ನಡದ ಯೋಗ್ಯತೆ ನೋಡಿ: ಆ ಮಾತಿನಲ್ಲಿ ಅರ್ಲೀನಳಿಗೆ ತಿಳಿಯಬಾರದಾಗಿದ್ದ ಎರಡು ಪದಗಳು, ಎರಡೂ ಇಂಗ್ಲಿಷೇ. ಅರ್ಲೀನಳ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. ಮೈಥಿಲಿ ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡಳು. ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಸಲೀಸು. "ಇವತ್ತು ಮನೆಯಲ್ಲಿ ಪೂಜೆ. ನಮ್ಮ ಅತ್ತೆ ಬಹಳ ಮಡಿ. ನಮ್ಮ ಧರ್ಮದಲ್ಲಿ ಇವತ್ತು ಹೊರಗಿನವರು ಒಳಗೆ ಬರೋ ಹಾಗಿಲ್ಲ. ನಾನು ಫೈನ್."

ಫೈನ್ ಎಂದಾಗ ವರ್ಡೆಲ್ ಅವಳ ಮುಖ ನೋಡಿದಳು, ಆಮೇಲೆ ಅರ್ಲೀನಳ ಮುಖ. ಪಾತ್ರೆಯನ್ನು ವರ್ಡೆಲ್ ಮೈಥಿಲಿಯ ಕೈಗೆ ಕೊಟ್ಟು, "ಮಾಂಸ ಇಲ್ಲ ಇದ್ರಲ್ಲಿ. ನೀನು ತಿನ್ನಲ್ವಲ್ಲ. ಮೊದಲನೇ ಸಲ ಮರೆತು ಹಾಕ್ಬಿಟ್ಟಿದ್ದೆ, ಅದನ್ನ ಪಕ್ಕಕ್ಕಿಟ್ಟು ಎರಡನೇ ಸಲ ಮಾಡ್ದೆ" ಎಂದಳು. ಓಪಲ್ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಮೂವರೂ ಮೆಟ್ಟಿಲಿಳಿದು ಹೋದರು. ಒಳಗೆ ಬಂದ ಮೈಥಿಲಿ ಪಾತ್ರೆಯನ್ನು ವಾಷಿಂಗ್ ಮೆಷೀನಿನ ಮೇಲಿಟ್ಟು, ಅದರ ಮೇಲೊಂದು ಟವೆಲು ಮುಚ್ಚಿದಳು. "ಪಾಪ, ಅವರಲ್ಲೂ ಒಳ್ಳೆಯವ್ರು ಇರ್ತಾರೆ" ಎಂದಳು ಪ್ರಭಾ, ದೊಡ್ಡ ಮನಸ್ಸು ಮಾಡಿದವಳ ಹಾಗೆ.

ಸಂಜೆ ಐದಕ್ಕೆ ಅವರಿಬ್ಬರೂ ಹೊರಟ ಮೇಲೆ ನಂಜಮ್ಮ ಟವೆಲು ಎತ್ತಿ ನೋಡಿದರು.

"ಏನೇ ಇದು? ಅಲಸಂದೆ ಕಾಳು! ಇಲ್ಲಿ ನೋಡು, ಸೊಪ್ಪಿನ ಪಲ್ಯ. ಯಾರೇ ಕೊಟ್ಟಿದ್ದು?"

ಮೈಥಿಲಿಗೆ ಸುಳ್ಳು ಹೇಳಲು ತ್ರಾಣವೇ ಉಳಿದಿರಲಿಲ್ಲ. ಗುರುವಾರಗಳ ಕತೆಯನ್ನೆಲ್ಲ, ಕುರ್ಚಿ, ತೋಳು, ಕಟ್ಟು, ಬಾಗಿಲಲ್ಲಿ ತಾನಾಡಿದ ಮಾತು, ಒಂದೂ ಬಿಡದೆ ಹೇಳಿದಳು. ಕೊನೆಗೆ, "ಏನ್ಮಾಡ್ಲಿ ಅತ್ತೆ, ನೀವು ಮಡೀಲಿದ್ರಿ. ಅವರನ್ನ ಒಳಗೆ ಕರೆದ್ರೆ ನಿಮಗೆ ಆಗ್ತಿತ್ತಾ?" ಎಂದಳು.

ನಂಜಮ್ಮ ಅವಳನ್ನು ನೋಡಿದರು. "ನಾನು ಬೇಡ ಅಂದ್ನೇನೇ?"

"ಅನ್ಲಿಲ್ಲ, ಆದ್ರೆ..."

"ಕೇಳಿದ್ಯಾ ನನ್ನ? ನನ್ನ ಮಡಿ ನನ್ನ ಮೈಗೆ. ನಾನು ಅಡಿಗೆಮನೇಲಿರ್ತಿದ್ದೆ. ನಡುಮನೇಲಿ ಅವ್ರನ್ನ ಕೂರ್ಸೋಕೆ ನಿಂಗೇನು ಬಂದಿತ್ತು ದೊಡ್ರೋಗ? ಅಷ್ಟು ದೂರದಿಂದ ಬಕೆಟ್ಟು ಹಿಡ್ಕೊಂಡು ಬಂದೋರನ್ನ ಹೊಸ್ತಿಲಲ್ಲೇ ಅಟ್ಟಿ, ಈಗ ನನ್ನ ಹೆಸರು ಹೇಳ್ತೀಯ. ಆ ಎರಡು ಬೊಂಬೆಗಳು ಏನಂದ್ಕೋತವೆ ಅಂತ ಮಾಡಿದ್ದು ನೀನು."

ಮೈಥಿಲಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಂಜಮ್ಮ ಆ ಅಡುಗೆ ತಿನ್ನಲಿಲ್ಲ, ಅದು ಅವರ ನೇಮ. ಆದರೆ ತಾವೇ ಬಿಸಿ ಮಾಡಿ ಸೊಸೆಯ ತಟ್ಟೆಗೆ ಬಡಿಸಿ ಎದುರು ನಿಂತರು. ಅದರಲ್ಲಿ ಉಪ್ಪೇ ಇರಲಿಲ್ಲ. ಸುತ್ತಿನ ಹೆಂಗಸರೆಲ್ಲ ಬೀಪಿಗಾಗಿ ಉಪ್ಪು ಬಿಟ್ಟವರು. ಮೈಥಿಲಿ ಕಣ್ಣೊರೆಸಿಕೊಳ್ಳುತ್ತ ಪೂರ್ತಿ ತಿಂದಳು.

ಮುಂದಿನ ಗುರುವಾರ ರಜ ಮುಗಿಸಿ ಕೆಲಸಕ್ಕೆ ಹೋದಳು. ಮಧ್ಯಾಹ್ನ ಎರಡಾಗುತ್ತಿದ್ದ ಹಾಗೆ ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ಬಂದು ನಿಂತಳು. ಕೆಳಗಿಳಿದರೆ ಅವರು ತೆಗೆದಿಟ್ಟಿರುವ ಕುರ್ಚಿಯಲ್ಲಿ ಕೂರುವ ಮುಖ ತನಗೆಲ್ಲಿದೆ? ಇಳಿಯದಿದ್ದರೆ ಮತ್ತೆ ಉಳಿಯುವುದು ಹನ್ನೊಂದು ಮನೆಗಳು, ಟೀವಿ, ನಲ್ಲಿಯ ಸದ್ದು. ಜಗತ್ತಿನಲ್ಲಿ ಅವಳಿಗೆ ಅಂತ ಇದ್ದದ್ದು ಆ ಒಂದು ಕಬ್ಬಿಣದ ಕುರ್ಚಿ. ಅದನ್ನು ಅವಳೇ ಕೈಯಾರೆ ಕಳೆದುಕೊಂಡಿದ್ದಳು, ಅಥವಾ ಇನ್ನೂ ಇಲ್ಲವೋ, ಇಳಿದು ನೋಡದೆ ಗೊತ್ತಾಗುವ ಹಾಗಿರಲಿಲ್ಲ. ಇಳಿದಳು.

ಕುರ್ಚಿ ಇತ್ತು. ಪಕ್ಕದಲ್ಲಿ ವರ್ಡೆಲ್ ಇದ್ದಳು. ಪಟ್ಟಿ ಸುತ್ತಿದಳು, ಎಂದಿಗಿಂತ ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ. ಕೇಳಿಸಿಕೊಂಡು ನಂಬರು ಹೇಳಿ ಬಿಚ್ಚಿದಳು. ಒಬ್ಬೊಬ್ಬರ ವಾರ ಬರುತ್ತ ಬರುತ್ತ ಸರದಿ ಮೈಥಿಲಿಗೆ ಬಂತು.

"ನಾಲ್ಕು ತಿಂಗಳಾಗಿತ್ತು. ಹುಡುಗಿ" ಎಂದಳು. ನಿಲ್ಲಿಸಿದರೆ ಮತ್ತೆ ಬಾರದು ಎಂದು ಒಂದೇ ಉಸಿರಿಗೆ ಹೇಳಿದಳು: "ಶನಿವಾರ ಮನೆಯಲ್ಲಿ ಪೂಜೆ ಇರ್ಲಿಲ್ಲ. ನಮ್ಮ ಅತ್ತೆ ಬೇಡ ಅಂದಿರ್ಲಿಲ್ಲ. ನಮ್ಮವರು ಇಬ್ಬರು ಕೂತಿದ್ರು. ನೀವು ನನ್ನವರು ಅಂತ ಅವರ ಮುಂದೆ ಹೇಳೋಕೆ ನನಗೆ ನಾಚಿಕೆ ಆಯ್ತು. ಪೇಷೆಂಟ್ಸು ಅಂದೆ. ಇದು ನನ್ನ ವಾರ."

ಯಾರೂ ಏನೂ ಅನ್ನಲಿಲ್ಲ. ಕಟ್ಟು ಅಂದರೆ ಕಟ್ಟು. ಒಬ್ಬಳು ಕೆಮ್ಮಿದಳು. ಆ ಮೌನ ಹಿಂದೆ ಅವಳನ್ನು ಎತ್ತಿ ಹಿಡಿದಿತ್ತು. ಇವತ್ತು ಅದರಲ್ಲಿ ಕೂರುವುದು ಹಿಂಸೆಯಾಯಿತು. ಬೈಯಬಾರದೇ ಯಾರಾದರೂ, ಎದ್ದು ಹೋಗು ಅನ್ನಬಾರದೇ! ಪಕ್ಕದವಳ ವಾರ ಶುರುವಾಯಿತು, ಅವಳ ಮೊಮ್ಮಗನನ್ನು ಪೊಲೀಸರು ಹಿಡಿದಿದ್ದರು. ಹಾಗೆ ಸುತ್ತು ಪೂರ್ತಿ ತಿರುಗಿ ಅರ್ಲೀನಳ ಹತ್ತಿರ ಬಂತು. ಅವಳು ಎದ್ದು, ಇವತ್ತಿಗಿಷ್ಟು, ಅನ್ನಬೇಕು. ಯಾವತ್ತೂ ಹಾಗೇ ಆಗುವುದು. ಇಷ್ಟು ತಿಂಗಳಲ್ಲಿ ಅವಳು ತನ್ನ ವಾರ ಹೇಳಿದ್ದನ್ನು ಮೈಥಿಲಿ ಒಮ್ಮೆಯೂ ಕೇಳಿರಲಿಲ್ಲ, ಯಾಕೆ ಹೇಳುವುದಿಲ್ಲ ಎಂದು ಯೋಚಿಸಿಯೂ ಇರಲಿಲ್ಲ.

ಅರ್ಲೀನ್ ಏಳಲಿಲ್ಲ.

"ಇವತ್ತು ನನ್ನದೂ ಇದೆ" ಎಂದಳು. "ನಮ್ಮಮ್ಮ ಊರಲ್ಲಿ ಬಿಳಿಯರ ಮನೆ ಬಟ್ಟೆ ಒಗೀತಿದ್ಲು. ಹಿಂದಿನ ಬಾಗಿಲಿಂದ ಹೋಗ್ಬೇಕು, ತಗೊಂಡು ಹಾಗೇ ವಾಪಸ್ ಬರ್ಬೇಕು. ನಾನು ಅವಳ ಲಂಗಕ್ಕೆ ಅಂಟ್ಕೊಂಡು ಹೋಗ್ತಿದ್ದೆ. ಇಲ್ಲಿಗೆ ಬಂದ ಮೇಲೆ ಆಣೆ ಮಾಡ್ಕೊಂಡೆ, ಇನ್ನು ಯಾರ ಬಾಗಿಲಲ್ಲೂ ನಿಲ್ಲಲ್ಲ ಅಂತ. ತಂಗಿ ಸತ್ತ ಮೇಲೆ ಆ ಆಣೆ ಮುರಿದು ನಿಮ್ಮೆಲ್ಲರ ಬಾಗಿಲು ತಟ್ಟಿದೀನಿ. ಶನಿವಾರ ದಾರಿಯುದ್ದಕ್ಕೂ ವರ್ಡೆಲ್ ಬೈಕೊಂಡು ಗಾಡಿ ಓಡಿಸಿದ್ಲು. ಓಪಲ್ ಅಳ್ತಿದ್ಲು. ಹೋಗ್ಲಿ ಬಿಡ್ರೇ, ಹುಡುಗಿ ದುಃಖದಲ್ಲಿದಾಳೆ ಅಂತ ನಾನೇ ಇಬ್ಬರಿಗೂ ಸಮಾಧಾನ ಹೇಳ್ದೆ. ಮನೆಗೆ ಬಂದು ಬಾಗಿಲು ಹಾಕ್ಕೊಂಡೆ. ಯಾರ ಹತ್ರ ಆದ್ರೂ ಹೇಳ್ಕೋಬೇಕು ಅಂತ ಪುಸ್ತಕ ತೆಗೆದೆ. ನಿಮ್ಮೆಲ್ಲರ ಫೋನ್ ನಂಬರೂ ಅದ್ರಲ್ಲಿದೆ. ಒಂದೂ ತಿರುಗಿಸೋಕೆ ಆಗ್ಲಿಲ್ಲ. ಎಲ್ಲರೂ ನನ್ನ ಹತ್ರ ಹೇಳ್ಕೊಳ್ಳೋರೇ. ನನಗೆ ಯಾರಿದಾರೆ? ಇದು ನನ್ನ ವಾರ."

ಇಪ್ಪತ್ತಮೂರು ಕುರ್ಚಿಗಳಲ್ಲಿ ಒಂದೂ ಅಲುಗಲಿಲ್ಲ. ಮೈಥಿಲಿಯ ನಾಲಗೆಯ ತುದಿಯಲ್ಲಿ ಸಾರಿ ಬಂದು ಕೂತಿತ್ತು. ಓಡಿ ಹೋಗಿ ಕಾಲು ಹಿಡಿದುಬಿಟ್ಟರೆ ತನಗೆಷ್ಟು ಹಗುರಾಗುತ್ತದೆ! ಹಗುರಾಗುವ ಹಾಗಿಲ್ಲ. ಕೇಳಿಸಿಕೊಳ್ಳಬೇಕು, ಅಷ್ಟೇ. ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು ಅವಳು ಕೂತಳು.

ಮೆಟ್ಟಿಲ ಹತ್ತಿರ ಅರ್ಲೀನ್ ತಾನಾಗಿಯೇ ಬಂದಳು. "ಮುಂದಿನ ಗುರುವಾರ ಬಾ. ತಪ್ಪಿಸ್ಬೇಡ. ಆದ್ರೆ ಇನ್ನು ನಿನ್ನ ಮನೆಗೆ ನಾನು ಬರಲ್ಲ, ನೀನು ಕರೆದ್ರೂ ಬರಲ್ಲ. ಕೋಪಕ್ಕೆ ಹೇಳ್ತಿಲ್ಲ. ನನ್ನಲ್ಲಿ ಅಷ್ಟು ಶಕ್ತಿ ಉಳಿದಿಲ್ಲ." ಹೇಳಿ ಕುರ್ಚಿ ಮಡಿಸಲು ಹೋದಳು.

ಮನೆಗೆ ಬಂದಾಗ ನಂಜಮ್ಮ ಕಿಟಕಿಯ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ಹೊರಗೆ ಇನ್ನೂ ಬಿಸಿಲಿತ್ತು.

"ಹೋಗಿದ್ಯಾ?"

"ಹೂಂ."

"ಬೈದ್ರಾ?"

"ಇಲ್ಲ. ಮುಂದಿನ ವಾರ ಬಾ ಅಂದ್ರು. ಇಲ್ಲಿಗೆ ಮಾತ್ರ ಇನ್ನು ಬರಲ್ವಂತೆ."

"ಸರಿಯಾಗೇ ಹೇಳಿದಾಳೆ" ಎಂದರು ನಂಜಮ್ಮ. ನಾಲ್ಕು ಕಾಯಿ ಮುರಿದರು. ಆಮೇಲೆ ತಲೆಯೆತ್ತದೆ, "ಅಲ್ಲಿ ಹಳೇದು ಹೇಳ್ಬಹುದಾ? ಆ ವಾರದ್ದೇ ಆಗ್ಬೇಕಾ?" ಎಂದು ಕೇಳಿದರು.

"ಯಾವ ಹಳೇದು ಅತ್ತೆ?"

"ದ್ವಾರಕಿ ಹುಟ್ಟೋಕೆ ಮುಂಚೆ ನಂಗೂ ಮೂರು ಹೋದ್ವು ಕಣೇ. ನಡುವಿನದು ಹೆಣ್ಣು. ಕಣ್ಣು ಬಿಟ್ಟು ನನ್ನ ನೋಡ್ತು, ಅರ್ಧ ದಿನ ಇತ್ತು. ಆಗ ಯಾರೂ ಕೇಳ್ಲಿಲ್ಲ, ನಾನೂ ಯಾರಿಗೂ ಹೇಳ್ಲಿಲ್ಲ. ಅವರಪ್ಪನ ಹತ್ರಾನೂ ಆ ಮಾತೆತ್ತಲಿಲ್ಲ." ನಾರು ಬೆರಳಿಗೆ ಸುತ್ತಿಕೊಂಡಿತ್ತು, ಬಿಡಿಸಿಕೊಂಡರು. "ನೀನು ಮಲಗಿದ್ದಾಗ ಹೇಳ್ಬೇಕು ಅಂತ ದಿನಾ ಬರ್ತಿದ್ದೆ. ಬಾಯಿ ಬರ್ತಿರ್ಲಿಲ್ಲ."

ಮೈಥಿಲಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಯ್ಯೋ ಅತ್ತೆ, ಅನ್ನಲು ಬಾಯಿ ತೆರೆದವಳು ಅನ್ನಲಿಲ್ಲ.

"ಕನ್ನಡದಲ್ಲಿ ಹೇಳಿದ್ರೆ ಅವರಿಗೆ ತಿಳಿಯತ್ತಾ?" ಎಂದರು ನಂಜಮ್ಮ.

"ಇಲ್ಲ ಅತ್ತೆ."

"ತಿಳೀದಿದ್ರೆ ಇನ್ನೂ ವಾಸಿ."

"ಆದ್ರೆ ಅಲ್ಲಿ ತೋಳು ಮುಟ್ತಾರೆ. ಪಟ್ಟಿ ಸುತ್ಬೇಕಲ್ಲ. ನಿಮ್ಮ ಮಡಿ..."

ನಂಜಮ್ಮ ಹುರುಳಿಕಾಯಿ ಪಕ್ಕಕ್ಕಿಟ್ಟರು. ಬಲಗೈಯಿಂದ ಎಡತೋಳನ್ನು, ಸೆರಗಿನ ಮೇಲಿಂದಲೇ, ಹಿಡಿದುಕೊಂಡರು.

"ಮುಟ್ಲಿ ಬಿಡು" ಎಂದರು. "ಯಾರಾದ್ರೂ ನನ್ನ ಮುಟ್ಟಿ ಇಪ್ಪತ್ತು ವರ್ಷ ಆಯ್ತು. ರೈಲು ಎಷ್ಟು ಹೊತ್ತಿಗೆ?"